ಚಿಗಟದ ಜ್ವರ ಮತ್ತು ನಮ್ಮ ಯಕೃತ್ತು



ಇವತ್ತು ಒಂದು ಜ್ವರದ ಬಗ್ಗೆ ಮಾತಾಡುತ್ತೇನೆ. ಇಲಿಯ ಮೈಮೇಲಿನ ಚಿಗಟದಿಂದ ಈ ಜ್ವರ ಬರುತ್ತದೆ. ವೈದ್ಯರು ಇದನ್ನು ಮ್ಯೂರಿನ್ ಟೈಫಸ್ ಎನ್ನುತ್ತಾರೆ. ನಾವು ಚಿಗಟದ ಜ್ವರ ಎನ್ನೋಣ. ಈ ಜ್ವರ ಬಂದವರ ರಕ್ತ ಪರೀಕ್ಷೆ ಮಾಡಿಸಿದರೆ, ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಯಕೃತ್ತಿನ ಅಂಶಗಳು ಏರಿರುತ್ತವೆ. ಯಕೃತ್ತು ಎಂದರೆ ಪಿತ್ತಜನಕಾಂಗ. ಮನೆಮಂದಿ ಆಡುವ ಮಾತಿನಲ್ಲಿ ಲಿವರ್. ರಿಪೋರ್ಟು ಕೈಗೆ ಬಂದ ಕೂಡಲೇ ಮನೆಯಲ್ಲಿ ಗಾಬರಿ. “ಲಿವರಿಗೆ ಬಾವು ಬಂದದಂತ, ಕಾಮಣಿ ಆಗ್ಯಾದಂತ” ಎಂದು ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಜ್ವರದ ಮಾತು ಅಲ್ಲಿಗೆ ಹಿಂದೆ ಬೀಳುತ್ತದೆ. ಲಿವರಿನ ಔಷಧ ಹುಡುಕಿಕೊಂಡು ಜನ ಹೊರಡುತ್ತಾರೆ. ಹೀಗೆ ದಾರಿ ತಪ್ಪಿ ಕಳೆದುಹೋಗುವ ನಾಲ್ಕೈದು ದಿನಗಳ ಬಗ್ಗೆಯೇ ನನ್ನ ಚಿಂತೆ. ಆ ದಿನಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೇಳುಗರನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತಿದ್ದೇನೆ. ಇದು ಭೀಮೆಯ ಸೀಮೆ. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಭೀಮೆ ಅಫಜಲಪುರವನ್ನು ದಾಟಿ ಜೇವರ್ಗಿಯ ಕಡೆ ಹರಿಯುತ್ತದೆ. ಕರಿ ಮಣ್ಣು, ತೊಗರಿ, ಬಿಳಿಜೋಳ, ನೀರು ಇದ್ದಲ್ಲಿ ಕಬ್ಬು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ನಮಗೆಲ್ಲ ಅದು ಹೆಮ್ಮೆಯ ವಿಷಯ. ರಾಶಿ ಮುಗಿದ ಮೇಲೆ ಕಾಳು ಮನೆಗೆ ಬರುತ್ತದೆ. ಪಡಸಾಲೆಯಲ್ಲಿ ಚೀಲ, ಒಳಗಿನ ಖೋಲಿಯಲ್ಲಿ ಚೀಲ. ಹಿತ್ತಲಲ್ಲಿ ಕಣಕಿ ಬಣವಿ. ಮಾಳಿಗೆ ಮನೆಯಾದರೆ ಮೇಲೆ ತೊಲೆ ಮತ್ತು ಜಂತಿ, ಕೆಳಗೆ ಬಿರುಕು ಬಿಟ್ಟ ಗೋಡೆ. ಇಲಿಗೆ ಊಟವೂ ಸಿಕ್ಕಿತು, ಮನೆಯೂ ಸಿಕ್ಕಿತು. ಇಲಿಯ ಸಂಗಡ ಚಿಗಟವೂ ಬಂತು.

ಮೊದಲು ಈ ಚಿಗಟದ ಪರಿಚಯ ಮಾಡಿಕೊಳ್ಳೋಣ. ಎರಡು ಮೂರು ಮಿಲಿಮೀಟರ್ ಉದ್ದದ ಹುಳ. ಕಂದು ಬಣ್ಣ. ರೆಕ್ಕೆ ಇಲ್ಲ. ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ ಮೈ. ಹಾಗಾಗಿ ಇಲಿಯ ಕೂದಲಿನ ನಡುವೆ ಸಲೀಸಾಗಿ ಓಡಾಡುತ್ತದೆ. ಹಿಂಗಾಲು ಬಲು ಗಟ್ಟಿ. ನೆಲದಿಂದ ನೆಗೆದು ಮನುಷ್ಯರ ಮೀನಖಂಡದ ಕೆಳಗೆ, ಹಿಮ್ಮಡಿಯ ಸುತ್ತ ಕಚ್ಚುತ್ತದೆ. ರಕ್ತ ಹೀರುವಾಗಲೇ ಅದು ಅಲ್ಲೇ ಹಿಕ್ಕೆ ಹಾಕುತ್ತದೆ. ರೋಗಾಣು ಇರುವುದು ಹೆಚ್ಚಾಗಿ ಆ ಹಿಕ್ಕೆಯಲ್ಲಿ. ಕಚ್ಚಿದ ಜಾಗ ತುರಿಸುತ್ತದೆ. ನಾವು ಕೆರೆದುಕೊಳ್ಳುತ್ತೇವೆ. ನಮ್ಮ ಉಗುರೇ ಆ ಹಿಕ್ಕೆಯನ್ನು ಚರ್ಮದ ಒಳಗೆ ತಳ್ಳುತ್ತದೆ. ಒಣಗಿದ ಹಿಕ್ಕೆ ದೂಳಿನಲ್ಲಿ ಬೆರೆತು ಉಸಿರಿನ ಮೂಲಕವೂ ಒಳಗೆ ಹೋಗಬಹುದು. ಹಳೆಯ ಚೀಲ ಝಾಡಿಸುವವರು, ಗೋದಾಮು ಗುಡಿಸುವವರು ಈ ಮಾತನ್ನು ನೆನಪಿಡಬೇಕು.

ರೋಗಾಣುವಿನ ಹೆಸರು ರಿಕೆಟ್ಸಿಯಾ ಟೈಫಿ. ಅಮೆರಿಕದ ಹೊವಾರ್ಡ್ ರಿಕೆಟ್ಸ್ ಎಂಬ ವೈದ್ಯರ ಹೆಸರು ಇದಕ್ಕೆ ಬಂದಿದೆ. ಟೈಫಸ್ ಜ್ವರವನ್ನು ಅಭ್ಯಾಸ ಮಾಡಲು ಮೆಕ್ಸಿಕೋಕ್ಕೆ ಹೋಗಿದ್ದ ಅವರು 1910ರಲ್ಲಿ ಅದೇ ಜ್ವರದಿಂದ ತೀರಿಕೊಂಡರು. ಟೈಫಸ್ ಜ್ವರಗಳಲ್ಲಿ ಹಲವು ಬಗೆಗಳಿವೆ. ಹೇನಿನಿಂದ ಬರುವುದು ಒಂದು. ಪೊದೆಯಲ್ಲಿರುವ ಸಣ್ಣ ನುಸಿಯಿಂದ ಬರುವುದು ಇನ್ನೊಂದು. ಅದಕ್ಕೆ ಸ್ಕ್ರಬ್ ಟೈಫಸ್ ಎನ್ನುತ್ತಾರೆ, ಕರ್ನಾಟಕದಲ್ಲಿ ಅದು ಸಾಕಷ್ಟು ಇದೆ. ಇಲಿಯ ಚಿಗಟದಿಂದ ಬರುವುದು ಮೂರನೆಯದು. 1926ರಲ್ಲಿ ಅಮೆರಿಕದ ಕೆನೆತ್ ಮ್ಯಾಕ್ಸಿ ಎಂಬ ವೈದ್ಯರಿಗೆ ಒಂದು ಸಂಶಯ ಬಂತು. ಕಾಳುಕಡಿಯ ಅಂಗಡಿಗಳಲ್ಲಿ ದುಡಿಯುವವರಿಗೇ ಈ ಜ್ವರ ಏಕೆ ಹೆಚ್ಚು? ಅವರ ತಲೆಯಲ್ಲಿ, ಬಟ್ಟೆಯಲ್ಲಿ ಹೇನಿಲ್ಲ. ಹಾಗಾದರೆ ಇಲಿಯಿಂದ ಬರುತ್ತಿರಬೇಕು ಎಂದು ಅವರು ಊಹಿಸಿದರು. ಐದು ವರ್ಷಗಳ ನಂತರ ಇಲಿಯ ಚಿಗಟದಲ್ಲೇ ರೋಗಾಣು ಸಿಕ್ಕಿತು. ಊಹೆ ನಿಜವಾಯಿತು.

ಕೇಳುಗರೆ, ಇಲ್ಲಿಯತನಕ ಹೇಳಿದ್ದು ಇಷ್ಟು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ, ಚಿಗಟದ ಹಿಕ್ಕೆಯಿಂದ ರೋಗಾಣು ನಮ್ಮ ಮೈಗೆ. ಮುಂದಿನ ಮಾತು ಪ್ಲೇಗಿಗೆ ಸಂಬಂಧಿಸಿದ್ದು. ಹಿರಿಯರು ಗಮನವಿಟ್ಟು ಕೇಳಬೇಕು.

ಪ್ಲೇಗಿನ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರು ಮುಟ್ಟಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗನ್ನು ಹರಡಿದ್ದು ಚಿಗಟ ಎಂದು 1898ರಲ್ಲಿ ಮೊದಲು ತೋರಿಸಿದವರು ಸೀಮೋಂ ಎಂಬ ಫ್ರೆಂಚ್ ವೈದ್ಯರು. ಅವರು ಆ ಕೆಲಸ ಮಾಡಿದ್ದು ಮುಂಬಯಿ, ಕರಾಚಿಗಳಲ್ಲಿ. ಬಹಳ ದಿನ ಅವರ ಮಾತನ್ನು ಯಾರೂ ನಂಬಲಿಲ್ಲ. ಪ್ಲೇಗನ್ನು ಹೊತ್ತು ತಂದ ಆ ಚಿಗಟವೇ ನಾವು ಇವತ್ತು ಮಾತಾಡುತ್ತಿರುವ ಜ್ವರವನ್ನೂ ಹರಡುತ್ತದೆ.

ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪ್ಲೇಗು ಬಂದರೆ ಮೊದಲು ಇಲಿ ಸಾಯುತ್ತದೆ. ತೊಲೆಯಿಂದ ಇಲಿ ಉದುರಿತು ಎಂದರೆ ಊರು ಬಿಡಬೇಕು ಎಂದು ಹಿರಿಯರಿಗೆ ಗೊತ್ತಾಗುತ್ತಿತ್ತು. ಚಿಗಟದ ಜ್ವರದಲ್ಲಿ ಇಲಿ ಸಾಯುವುದಿಲ್ಲ. ಚಿಗಟಕ್ಕೂ ಏನೂ ಆಗುವುದಿಲ್ಲ. ಒಮ್ಮೆ ರೋಗಾಣು ಹೊಕ್ಕ ಚಿಗಟ ತಾನು ಬದುಕಿರುವಷ್ಟು ದಿನ ಅದನ್ನು ಹೊತ್ತು ತಿರುಗುತ್ತದೆ. ಇಲಿ ಆರಾಮಾಗಿ ಓಡಾಡುತ್ತಿರುತ್ತದೆ, ಮನೆಯ ಮನುಷ್ಯ ಮಲಗಿರುತ್ತಾನೆ. ಮುನ್ಸೂಚನೆ ಇಲ್ಲ. ಆದ್ದರಿಂದಲೇ ಈ ಜ್ವರ ಯಾರ ಬಾಯಲ್ಲೂ ಬರುವುದಿಲ್ಲ, ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಈಗ ಜ್ವರದ ಲಕ್ಷಣಕ್ಕೆ ಬರೋಣ. ಚಿಗಟ ಕಚ್ಚಿ ಒಂದು ವಾರ ಅಥವಾ ಎರಡು ವಾರ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಚಳಿ, ಜ್ವರ, ಮೈಕೈ ನೋವು. ತಲೆನೋವು ಬಹಳ. “ತಲಿ ಒಡದು ಹೋಗ್ಲಾಕತ್ತದ್ರಿ ಸಾಹೇಬ್ರ” ಎನ್ನುವಂಥ ನೋವು. ಹೊಟ್ಟೆ ತೊಳಸುವುದು, ವಾಂತಿ, ಊಟ ಸೇರದಿರುವುದು ಕೆಲವರಿಗೆ. ಮಕ್ಕಳಲ್ಲಿ ಹೊಟ್ಟೆನೋವೇ ಮುಂದಾಗಿ ಕಾಣಬಹುದು. ಐದಾರು ದಿನಕ್ಕೆ ಎದೆ, ಹೊಟ್ಟೆಯ ಮೇಲೆ ಸಣ್ಣ ಕೆಂಪು ಗುಳ್ಳೆಗಳು ಏಳಬಹುದು. ಆದರೆ ಅವು ಏಳುವುದು ಅರ್ಧದಷ್ಟು ಜನರಿಗೆ ಮಾತ್ರ. ನಮ್ಮ ಕಪ್ಪು ಮೈಬಣ್ಣದಲ್ಲಿ ಎದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಚಿಗಟ ಕಚ್ಚಿದ್ದು ರೋಗಿಗೆ ನೆನಪೇ ಇರುವುದಿಲ್ಲ. ಹೀಗಾಗಿ ವೈದ್ಯರ ಮುಂದೆ ಉಳಿಯುವುದು ಒಂದು ಬಿಡದ ಜ್ವರ, ಮತ್ತು ಒಂದು ಲಿವರ್ ರಿಪೋರ್ಟು.

ಇಲಿ ಸಾಯದೆ ಬರುವ ಜ್ವರ, ಗುಳ್ಳೆ ಕಾಣದೆ ಇರುವ ಜ್ವರ ಎಂದು ತಿಳಿದೆವು. ಹಾಗಾದರೆ ಲಿವರಿಗೆ ಏಕೆ ತಟ್ಟುತ್ತದೆ? ಇದು ಇವತ್ತಿನ ಮಾತಿನ ತಿರುಳು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಬಲಗೈಯನ್ನು ಬಲಗಡೆಯ ಪಕ್ಕೆಲುಬಿನ ಕೆಳಭಾಗದ ಮೇಲೆ ಇಟ್ಟುಕೊಳ್ಳಿ. ಅದರ ಒಳಗೆ ಲಿವರ್ ಇದೆ. ದೊಡ್ಡವರಲ್ಲಿ ಅದರ ತೂಕ ಒಂದೂವರೆ ಕಿಲೋದಷ್ಟು. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಕಾಲುಭಾಗ ಲಿವರಿನ ಮೂಲಕ ಹಾದುಹೋಗುತ್ತದೆ. ಪ್ರತಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್. ಉಂಡ ಅನ್ನವನ್ನು ಅರಗಿಸಿ ಕೂಡಿಡುವುದು, ವಿಷ ತೆಗೆಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತು ತಯಾರಿಸುವುದು, ಅಲ್ಬುಮಿನ್ ಎಂಬ ಪ್ರೋಟೀನ್ ಮಾಡುವುದು, ಎಲ್ಲವೂ ಅದರ ಕೆಲಸ. ಇಷ್ಟು ರಕ್ತ ಹಾಯುವುದರಿಂದ ಅದರೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಎಣಿಕೆಗೆ ಸಿಗದಷ್ಟು ಇವೆ.

ಟೈಫಸ್ ರೋಗಾಣುವಿಗೆ ಬೇಕಾದದ್ದು ಈ ಸಣ್ಣ ನಾಳಗಳೇ. ನಾಳದ ಒಳಗೋಡೆಯಲ್ಲಿ ತೆಳುವಾದ ಜೀವಕೋಶಗಳ ಪದರ ಇರುತ್ತದೆ. ರೋಗಾಣು ಆ ಜೀವಕೋಶಗಳ ಒಳಗೆ ನುಗ್ಗಿ ಅಲ್ಲೇ ಮರಿಮಾಡುತ್ತದೆ. ಹೊರಗೆ ಅದು ಬೆಳೆಯಲಾರದು. ಜೀವಕೋಶ ತುಂಬಿ ಒಡೆಯುತ್ತದೆ, ರೋಗಾಣು ಪಕ್ಕದ ಕೋಶಕ್ಕೆ ಹೋಗುತ್ತದೆ. ಕಬ್ಬಿಗೆ ನೀರುಣಿಸುವ ಪೈಪಿನಲ್ಲಿ ಸಣ್ಣ ಸಣ್ಣ ತೂತು ಬಿದ್ದರೆ ಏನಾಗುತ್ತದೆ? ನೀರು ದಾರಿಯುದ್ದಕ್ಕೂ ಜಿನುಗುತ್ತದೆ, ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ರಕ್ತನಾಳದಲ್ಲೂ ಹೀಗೆಯೇ ಆಗುತ್ತದೆ. ನಾಳ ಜಿನುಗುತ್ತದೆ. ಅದರ ಸುತ್ತ ಬಾವು ಬರುತ್ತದೆ. ಚರ್ಮದಲ್ಲಿ ಹೀಗಾದರೆ ಗುಳ್ಳೆ. ಮಿದುಳಿನ ಸುತ್ತ ಆದರೆ ತಲೆನೋವು, ಮಂಕು. ಪುಪ್ಪುಸದಲ್ಲಿ ಆದರೆ ಕೆಮ್ಮು, ದಮ್ಮು. ಲಿವರಿನಲ್ಲಿ ಆದರೆ ಅಲ್ಲಿನ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ತಿಂದ ಕೋಶಗಳಿಂದ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ.

ಈ ಕಿಣ್ವಗಳನ್ನೇ ಲ್ಯಾಬಿನವರು ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಬರೆದುಕೊಡುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಸುಮಾರು 40ರ ಒಳಗೆ ಇರುತ್ತವೆ. ಚಿಗಟದ ಜ್ವರದಲ್ಲಿ ಸಾಮಾನ್ಯವಾಗಿ 100, 150, 200 ಹೀಗೆ ಬರುತ್ತವೆ. ಎಸ್‌ಜಿಒಟಿ ತುಸು ಹೆಚ್ಚಾಗಿ ಏರಿರುವುದುಂಟು. ಅಲ್ಬುಮಿನ್ ಇಳಿದಿರುತ್ತದೆ. ರಕ್ತದ ಪ್ಲೇಟ್‌ಲೆಟ್ ಕಡಿಮೆ ಆಗಿರಬಹುದು. ಸೋಡಿಯಂ ಕೂಡ ಇಳಿದಿರಬಹುದು. ಆದರೆ ಬಿಲಿರುಬಿನ್, ಅಂದರೆ ಕಣ್ಣನ್ನು ಹಳದಿ ಮಾಡುವ ಅಂಶ, ಬಹುಪಾಲು ಜನರಲ್ಲಿ ಏರುವುದಿಲ್ಲ, ಏರಿದರೂ ಸ್ವಲ್ಪವೇ. ಕಣ್ಣು ಹಳದಿಯಾಗುವಷ್ಟು ಏರುವುದು ಅಪರೂಪ. ಏರಿದರೆ ರೋಗ ಜೋರಾಗಿದೆ ಎಂದೇ ತಿಳಿಯಬೇಕು.

ಅಂದರೆ, ಕೇಳುಗರೆ, ರೋಗ ಹುಟ್ಟಿದ್ದು ಲಿವರಿನಲ್ಲಿ ಅಲ್ಲ. ಮೈತುಂಬ ರಕ್ತನಾಳಗಳಿಗೆ ಆದ ಪೆಟ್ಟಿನಲ್ಲಿ ಲಿವರಿಗೂ ಒಂದು ಪಾಲು ಬಂದಿದೆ. ಜ್ವರದ ಬೇರು ಕಿತ್ತರೆ ಲಿವರ್ ತಾನಾಗಿ ಚೇತರಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಅಂಕಿಗಳು ಮಾಮೂಲಿಗೆ ಇಳಿಯುತ್ತವೆ. ಲಿವರಿನಲ್ಲಿ ಗಾಯದ ಗುರುತೂ ಉಳಿಯುವುದಿಲ್ಲ. ಬೇರನ್ನು ಬಿಟ್ಟು ಲಿವರ್ ಟಾನಿಕ್ಕು ಕುಡಿಸಿದರೆ ಜ್ವರ ಹಾಗೇ ಉಳಿಯುತ್ತದೆ.

ಹಾಗಾದರೆ ಕಾಮಾಲೆ, ಅಂದರೆ ಜನ ಕಾಮಣಿ ಎನ್ನುವ ರೋಗದಿಂದ ಇದನ್ನು ಬೇರೆ ಮಾಡಿ ನೋಡುವುದು ಹೇಗೆ? ಮನೆಯವರೂ ಗಮನಿಸಬಹುದಾದ ಒಂದು ಗುರುತು ಹೇಳುತ್ತೇನೆ. ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ ವೈರಸ್ ಕಾಮಾಲೆಯಲ್ಲಿ ಮೊದಲು ನಾಲ್ಕು ದಿನ ಜ್ವರ, ವಾಕರಿಕೆ ಇರುತ್ತದೆ. ಕಣ್ಣು ಹಳದಿ ಆಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಕಿಣ್ವಗಳು ಸಾವಿರ, ಎರಡು ಸಾವಿರಕ್ಕೂ ಏರುತ್ತವೆ. ಚಿಗಟದ ಜ್ವರದಲ್ಲಿ ಹಾಗಲ್ಲ. ಕಿಣ್ವ ಏರಿಕೆ ಸಾಧಾರಣ, ಜ್ವರ ಮಾತ್ರ ಬಿಡುವುದೇ ಇಲ್ಲ. ಲಿವರಿನ ಅಂಕಿ ಏರಿದೆ, ಜ್ವರವೂ ಹಾಗೇ ಇದೆ ಎಂದಾದರೆ, ಅದು ಬರೀ ಕಾಮಾಲೆ ಆಗಿರಲಾರದು ಎಂದು ಅನುಮಾನಿಸಿ.

ಅನುಮಾನ ಬಂದಾಗಲೂ ಟೈಫಸ್ ಒಂದೇ ಕಣ್ಣ ಮುಂದೆ ಇರಬಾರದು. ಮಲೇರಿಯಾ, ಡೆಂಗಿ, ಟೈಫಾಯಿಡ್, ಇಲಿಜ್ವರ ಇವೆಲ್ಲವೂ ಲಿವರನ್ನು ಕೆಣಕುತ್ತವೆ. ಇಲಿಜ್ವರ ಎಂದರೆ ಲೆಪ್ಟೋಸ್ಪೈರೋಸಿಸ್. ಅದು ಇಲಿಯ ಮೂತ್ರ ಬೆರೆತ ನೀರಿನಿಂದ ಬರುತ್ತದೆ, ಚಿಗಟದಿಂದ ಅಲ್ಲ. ಅದರಲ್ಲಿ ಕಣ್ಣು ಕೆಂಪಾಗುತ್ತದೆ, ಮೀನಖಂಡ ಹಿಡಿದುಕೊಂಡು ನೋಯುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದು ನಿಮಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಹೊಲದ ಬಿಲಗಳಲ್ಲಿ ನೀರು ತುಂಬಿ ಇಲಿ, ಹೆಗ್ಗಣಗಳು ಎತ್ತರದ ಜಾಗಕ್ಕೆ ಬರುತ್ತವೆ. ಎತ್ತರದ ಜಾಗ ಎಂದರೆ ನಮ್ಮ ಮನೆ, ಶಾಲೆ, ಗುಡಿ. ಮಳೆನೀರು ಮತ್ತು ಇಲಿ ಎರಡೂ ಒಟ್ಟಿಗೆ ಮನೆ ಹೊಕ್ಕ ಮೇಲೆ ಇಲಿಜ್ವರ, ಚಿಗಟದ ಜ್ವರ ಎರಡಕ್ಕೂ ಅವಕಾಶ. ಒಂದು ಸಮಾಧಾನ ಏನೆಂದರೆ ಈ ಎರಡಕ್ಕೂ ಒಂದೇ ಮಾತ್ರೆ ಕೆಲಸ ಮಾಡುತ್ತದೆ.

ಮಾತ್ರೆಯ ವಿಷಯಕ್ಕೆ ಹೋಗುವ ಮೊದಲು ಪರೀಕ್ಷೆಯ ವಿಷಯ. ನಮ್ಮ ಕಡೆ ಜ್ವರ ನಾಲ್ಕು ದಿನ ಬಿಡದಿದ್ದರೆ ವಿಡಾಲ್ ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಸ್ವಲ್ಪ ಏನಾದರೂ ಬಂದರೆ “ಟೈಫಾಯಿಡ್” ಎನ್ನುತ್ತಾರೆ. ಸಲಾಯಿನ್ ಹಚ್ಚುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ವಿಡಾಲ್ ಪರೀಕ್ಷೆ ಬಹಳ ಸಲ ದಾರಿ ತಪ್ಪಿಸುತ್ತದೆ. ಹಿಂದೆ ಎಂದೋ ಬಂದುಹೋದ ಜ್ವರದ ಗುರುತೂ ಅದರಲ್ಲಿ ಕಾಣಬಹುದು. ಟೈಫಾಯಿಡಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಟೈಫಸ್‌ಗೆ ನಾಟುವುದಿಲ್ಲ. ಐದು ದಿನ ಇಂಜೆಕ್ಷನ್ ಆಯಿತು, ಐದು ಸಾವಿರ ಖರ್ಚಾಯಿತು, ಜ್ವರ ಮಾತ್ರ ಇದ್ದಲ್ಲೇ ಇದೆ ಎನ್ನುವ ಮನೆಗಳ ಸಂಕಟ ನನಗೆ ಗೊತ್ತು. ದುಡಿಯುವವರ ಮನೆಯಲ್ಲಿ ಅದು ಎಷ್ಟು ದೊಡ್ಡ ಮೊತ್ತ ಎಂಬುದೂ ಗೊತ್ತು.

ಟೈಫಸ್‌ಗೆ ಹಳೆಯ ಪರೀಕ್ಷೆ ಒಂದು ಇದೆ. ವೀಲ್–ಫೆಲಿಕ್ಸ್ ಎಂದು ಅದರ ಹೆಸರು. 1916ರಿಂದ ಬಳಕೆಯಲ್ಲಿದೆ. ಖರ್ಚು ಕಡಿಮೆ. ಆದರೆ ಮೊದಲ ವಾರದಲ್ಲಿ ಅದು ಬಹುತೇಕ ಏನನ್ನೂ ತೋರಿಸುವುದಿಲ್ಲ. ಎಲಿಸಾ ಎಂಬ ಪರೀಕ್ಷೆ ಅದಕ್ಕಿಂತ ವಾಸಿ. ಅದೂ ರೋಗದ ಮೊದಲ ದಿನಗಳಲ್ಲಿ ಕಾಣಿಸದೆ ಇರಬಹುದು. ಹಾಗಾದರೆ ರಿಪೋರ್ಟು ಬರುವ ತನಕ ಕಾಯಬೇಕೆ? ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಈ ಜ್ವರಗಳ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ಕೊಟ್ಟಿತು. ಬಲವಾದ ಅನುಮಾನ ಇದ್ದರೆ ಪರೀಕ್ಷೆಗೆ ಕಾಯದೆ ಔಷಧ ಆರಂಭಿಸಿ ಎಂದೇ ಅದರಲ್ಲಿ ಹೇಳಿದೆ.

ಆ ಔಷಧದ ಹೆಸರು ಡಾಕ್ಸಿಸೈಕ್ಲಿನ್. ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದೆ. ಒಂದು ಮಾತ್ರೆಗೆ ಕೆಲವೇ ರೂಪಾಯಿ. ದೊಡ್ಡವರಿಗೆ 100 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಸಾಮಾನ್ಯವಾಗಿ ಒಂದು ವಾರ. ಎರಡು ಅಥವಾ ಮೂರು ದಿನದೊಳಗೆ ಜ್ವರ ಇಳಿಯುತ್ತದೆ. ಅಷ್ಟು ಬೇಗ ಇಳಿದರೆ ಅದೇ ಒಂದು ಸಾಕ್ಷಿ. ಮೂರು ದಿನದಲ್ಲೂ ಇಳಿಯದಿದ್ದರೆ ಬೇರೆ ರೋಗ ಇರಬಹುದು, ವೈದ್ಯರು ಮತ್ತೆ ಹುಡುಕಬೇಕು. ಹೊತ್ತಿಗೆ ಸರಿಯಾಗಿ ಔಷಧ ಸಿಕ್ಕರೆ ಈ ಜ್ವರದಿಂದ ಸಾಯುವವರು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಗರ್ಭಿಣಿಯರಿಗೆ ವೈದ್ಯರು ಅಜಿತ್ರೋಮೈಸಿನ್ ಕೊಡುತ್ತಾರೆ. ಮಕ್ಕಳಿಗೆ ತೂಕ ನೋಡಿ ಡಾಕ್ಸಿಸೈಕ್ಲಿನ್ನನ್ನೇ ಕೊಡಬಹುದು. ಸ್ವಲ್ಪ ದಿನ ಕೊಟ್ಟರೆ ಹಲ್ಲು ಕೆಡುತ್ತದೆ ಎಂಬ ಹಳೆಯ ಭಯ ಈಗ ಉಳಿದಿಲ್ಲ. ಆದರೂ ಅಂಗಡಿಗೆ ಹೋಗಿ ನೀವೇ ಕೊಂಡು ನುಂಗಬೇಡಿ. ವೈದ್ಯರಿಗೆ ತೋರಿಸಿಯೇ ತೆಗೆದುಕೊಳ್ಳಿ.

ಈ ಮಾತ್ರೆಯನ್ನು ನುಂಗುವ ರೀತಿಯೂ ಮುಖ್ಯ. ಊಟದ ನಂತರ, ತುಂಬು ಲೋಟ ನೀರಿನ ಜೊತೆ ನುಂಗಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತದೆ. ಹಾಲಿನ ಜೊತೆ, ಕಬ್ಬಿಣದ ಗುಳಿಗೆಯ ಜೊತೆ, ಎದೆಯುರಿಯ ಔಷಧದ ಜೊತೆ ಬೇಡ. ಹೊಲಕ್ಕೆ ಹೋಗುವವರು ಆ ದಿನಗಳಲ್ಲಿ ಮೈ ಮುಚ್ಚಿಕೊಳ್ಳಿ. ಬಿಸಿಲಿಗೆ ಚರ್ಮ ಬೇಗ ಸುಟ್ಟಂತೆ ಆಗುತ್ತದೆ.

ಇಷ್ಟರಲ್ಲಿ ಮೂರು ಸಂಗತಿ ತಿಳಿದೆವು. ಲಿವರಿನ ಅಂಕಿ ಏರುವುದು ಜ್ವರದ ಒಂದು ಪರಿಣಾಮ. ಕಾಯದೆ ಔಷಧ ಶುರು ಮಾಡಬೇಕು. ಆ ಔಷಧ ಅಗ್ಗವಾಗಿ ಸಿಗುತ್ತದೆ. ಹಾಗಿದ್ದೂ ಕೆಲವರ ಲಿವರ್ ನಿಜವಾಗಿ ಅಪಾಯಕ್ಕೆ ಹೋಗುತ್ತದೆ. ಏಕೆ?

ಒಂದು ಕಾರಣ ತಡ. ಇನ್ನೊಂದು ಕಾರಣ ನಾವೇ ಲಿವರಿನ ಮೇಲೆ ಹೇರುವ ಭಾರ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗುತ್ತೇವೆ. ತಪ್ಪಲ್ಲ. ಆದರೆ ಜ್ವರ ಬಿಡುತ್ತಿಲ್ಲ ಎಂದು 650ರ ಗುಳಿಗೆಯನ್ನು ನಾಲ್ಕು ತಾಸಿಗೊಂದು ನುಂಗುತ್ತಾರೆ. ಸಂಗಡ ನೆಗಡಿಯ ಗುಳಿಗೆ, ಮೈನೋವಿನ ಗುಳಿಗೆ. ಅವುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಊಟ ಇಲ್ಲದ ಮೈ, ಬಾವು ಬಂದ ಲಿವರ್, ಅದರ ಮೇಲೆ ಇಷ್ಟು ಔಷಧ. ಅಂಥವರಿಗೆ ದಿನಕ್ಕೆ 650ರ ಮೂರು ಗುಳಿಗೆ ಸಾಕು. ಹೆಚ್ಚು ಬೇಕೆನಿಸಿದರೆ ವೈದ್ಯರನ್ನು ಕೇಳಿ. ಸೆರೆ, ಸಿಂದಿ ಕುಡಿಯುವವರು ಜ್ವರ ಬಿಟ್ಟು ಲಿವರಿನ ಅಂಕಿ ಇಳಿಯುವವರೆಗೆ ಅದನ್ನು ಮುಟ್ಟಲೇಬಾರದು. ಕುಡಿತದಿಂದ ಮೊದಲೇ ಸೋತ ಲಿವರಿಗೆ ಈ ಜ್ವರ ತಡೆದುಕೊಳ್ಳಲಾಗದ ಪೆಟ್ಟು. ಸಲ್ಫಾ ಜಾತಿಯ ಮಾತ್ರೆಗಳು ಕೂಡ ಈ ಜ್ವರವನ್ನು ಕೆಡಿಸುತ್ತವೆ. ಮನೆಯಲ್ಲಿ ಉಳಿದ ಹಳೆಯ ಗುಳಿಗೆ ಯಾವುದನ್ನೂ ಕೊಡಬೇಡಿ.

ಮತ್ತೆ ಕಾಮಣಿ ಔಷಧ. ಮಣಿಕಟ್ಟಿಗೆ ಬರೆ ಎಳೆಯುವುದು, ಮೂಗಿಗೆ ಸೊಪ್ಪಿನ ರಸ ಬಿಡುವುದು, ಬೇರು ಅರೆದು ಕುಡಿಸುವುದು. ತಾಯಂದಿರೆ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಗು ಉಳಿಯಲಿ ಎಂದೇ ಕರೆದುಕೊಂಡು ಹೋಗುತ್ತೀರಿ. ಆದರೆ ಬರೆಯಿಂದ ಹುಣ್ಣಾಗುತ್ತದೆ, ಜ್ವರ ಹೋಗುವುದಿಲ್ಲ. ಯಾವ ಬೇರಿನಲ್ಲಿ ಏನಿದೆ ಎಂದು ತಿಳಿಯದೆ ಕುಡಿಸಿದರೆ ಅದೇ ಲಿವರಿಗೆ ವಿಷವಾಗಬಹುದು. ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಪಥ್ಯದ ವಿಷಯದಲ್ಲಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಬರೀ ಗಂಜಿ. ಈ ಜ್ವರದಲ್ಲಿ ಅಲ್ಬುಮಿನ್ ಇಳಿದಿರುತ್ತದೆ ಎಂದೆ. ಅದನ್ನು ಮತ್ತೆ ಕಟ್ಟಲು ಪ್ರೋಟೀನ್ ಬೇಕು. ತೊಗರಿ ಬೆಳೆದ ಮನೆಯಲ್ಲಿ ರೋಗಿಗೆ ಬೇಳೆ ಕೊಡುವುದಿಲ್ಲ ಎಂದರೆ ಹೇಗೆ? ಮೆತ್ತಗಿನ ರೊಟ್ಟಿ, ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ. ಸೇರಿದಷ್ಟು ಕೊಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ನೀರು, ಮಜ್ಜಿಗೆ ಧಾರಾಳವಾಗಿ.

ಯಾವಾಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಬೇಕು. ಜ್ವರದ ಜೊತೆ ಕಣ್ಣು ಹಳದಿಯಾದರೆ. ರೋಗಿ ಮಂಕಾದರೆ, ಮಾತು ತೊದಲಿದರೆ. ಉಸಿರು ಮೇಲೆ ಬಂದರೆ. ಮೂತ್ರ ಕಡಿಮೆಯಾದರೆ. ಒಸಡಿನಿಂದ, ಮೂಗಿನಿಂದ ರಕ್ತ ಬಂದರೆ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರ್. ಅಫಜಲಪುರದಿಂದ ಇನ್ನೂ ಸ್ವಲ್ಪ ದೂರ. ವಯಸ್ಸಾದವರ ವಿಷಯದಲ್ಲಿ ಇನ್ನೂ ಎಚ್ಚರ ಇರಲಿ. ಈ ಜ್ವರ ಮಕ್ಕಳಿಗಿಂತ ಅವರನ್ನು ಹೆಚ್ಚು ಕಾಡುತ್ತದೆ. ಇಂಥ ಗುರುತು ಯಾವುದೂ ಇಲ್ಲದಿದ್ದರೂ, ಜ್ವರ ಐದು ದಿನ ದಾಟಿದರೆ ತಾಲೂಕು ಆಸ್ಪತ್ರೆಗೆ ಹೋಗಿ. ಹೋದಾಗ ವೈದ್ಯರಿಗೆ ನೀವಾಗಿಯೇ ಹೇಳಿ: “ಸಾಹೇಬ್ರ, ಮನ್ಯಾಗ ಇಲಿ ಭಾಳ ಅವ, ಚಿಗಟ ಕಡಿತಾವ.” ಅವರ ತಲೆಯಲ್ಲಿ ಟೈಫಸ್ ನೆನಪಾಗಲು ಈ ಒಂದು ಮಾತು ಸಾಕಾಗಬಹುದು.

ಕೊನೆಯ ಭಾಗಕ್ಕೆ ಬಂದೆ. ಜ್ವರದ ಗುರುತು ಹೇಳಿದೆ, ಲಿವರಿನ ಲೆಕ್ಕ ಹೇಳಿದೆ, ಔಷಧ ಹೇಳಿದೆ. ಇನ್ನು ಜ್ವರ ಬಾರದಂತೆ ತಡೆಯುವುದು.

ಆಳಂದದ ಗಡಿಯಾಚೆ ನಡೆದ ಒಂದು ಘಟನೆಯಿಂದ ಕಲಿಯಬೇಕಾದದ್ದು ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ನಮ್ಮ ನೆಲವೂ ನಡುಗಿತು. ಭಯಕ್ಕೆ ಮರಾಠವಾಡದ ಎಷ್ಟೋ ಹಳ್ಳಿಗಳ ಜನ ಮನೆ ಬಿಟ್ಟು ಬಯಲಲ್ಲಿ ಉಳಿದರು. ಕಾಳು ಮನೆಯೊಳಗೇ ಉಳಿಯಿತು. ಇಲಿಗಳು ಹೆಚ್ಚಿದವು. ಮರುವರ್ಷ, 1994ರಲ್ಲಿ, ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಪ್ಲೇಗು ಕಾಣಿಸಿತು. ಅದಕ್ಕೂ ಮೊದಲು ಅಲ್ಲಿ ಜನರನ್ನು ಚಿಗಟಗಳು ಕಾಡಿದ್ದವು. ಜನ ಇಲ್ಲದ ಮನೆ ಮತ್ತು ಕಾಳು, ಈ ಎರಡೂ ಕೂಡಿದರೆ ಚಿಗಟಕ್ಕೆ ಸುಗ್ಗಿ.

ಬಾಗಿಲು ಹಾಕಿದ ಮನೆ ನಮ್ಮ ಸೀಮೆಯಲ್ಲಿ ಇವತ್ತೂ ಇದೆ. ಗುಳೆ ಹೋಗುವವರ ಮನೆಗಳು. ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗಿ ಹಬ್ಬಕ್ಕೆ ಬರುತ್ತಾರೆ. ಚಿಗಟದ ಮೊಟ್ಟೆ ನೆಲದ ಬಿರುಕಿಗೆ ಬಿದ್ದು ಮರಿಯಾಗಿ, ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಒಳಗೇ ಕಾಯಬಲ್ಲದು. ಮನುಷ್ಯರ ಹೆಜ್ಜೆಯ ಅದುರಿಗೆ, ಮೈಯ ಕಾವಿಗೆ ಅವೆಲ್ಲ ಒಮ್ಮೆಲೇ ಹೊರಗೆ ಬರುತ್ತವೆ. ಆದ್ದರಿಂದ ಬಾಗಿಲು ತೆಗೆದ ದಿನವೇ ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಡಿ. ಮೊದಲು ನೀರು ಚಿಮುಕಿಸಿ, ದೂಳು ಏಳದಂತೆ ಗುಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕಸವನ್ನು ಸುಡಿ. ಬಿರುಕು ಮುಚ್ಚಿ, ನೆಲ ಸಾರಿಸಿ. ಹಾಸಿಗೆ, ಕೌದಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ.

ಇಲಿಯನ್ನು ಕೊಲ್ಲುವ ಮುಂಚೆ ಚಿಗಟವನ್ನು ಕೊಲ್ಲಬೇಕು. ಈ ಕ್ರಮ ತಪ್ಪಿದರೆ ಕೆಡುಕು ಹೆಚ್ಚು. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟಗಳು ಅದನ್ನು ಬಿಡುತ್ತವೆ. ಹತ್ತಿರ ಸಿಕ್ಕ ಬಿಸಿ ಮೈ ಯಾವುದೋ ಅದನ್ನು ಹತ್ತುತ್ತವೆ. ಅಮೆರಿಕದಲ್ಲಿ 1944ರಲ್ಲಿ ಈ ಜ್ವರ ಐದು ಸಾವಿರಕ್ಕೂ ಹೆಚ್ಚು ಜನರಿಗೆ ಬಂದಿತ್ತು. ಇಲಿ ಓಡಾಡುವ ದಾರಿಗೆ ಮೊದಲು ಚಿಗಟ ಕೊಲ್ಲುವ ಪುಡಿ ಉದುರಿಸಿ, ಜೊತೆಗೆ ಇಲಿಯ ಕಾಟವನ್ನೂ ತಗ್ಗಿಸಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ರೋಗಿಗಳ ಸಂಖ್ಯೆ ವರ್ಷಕ್ಕೆ ನೂರರೊಳಗೆ ಇಳಿಯಿತು. ನಮ್ಮಲ್ಲಿ ಚಿಗಟ ಕಾಡುತ್ತಿದ್ದರೆ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಯೊಳಗೆ ಯಾವ ಔಷಧ, ಎಷ್ಟು ಎಂದು ಅವರು ಹೇಳುತ್ತಾರೆ. ತೊಗರಿಗೆ ಹೊಡೆಯುವ ಎಣ್ಣಿಯನ್ನು ಮನೆಯಲ್ಲಿ ಹೊಡೆಯಬೇಡಿ. ಅದು ಹೊಲದ ವಿಷ. ಮಲಗುವ ಜಾಗಕ್ಕೆ ಬರಬಾರದು.

ಇಲಿ ಪಾಷಾಣದ ಬಗ್ಗೆ ಒಂದು ಮಾತು, ಅದೂ ಲಿವರಿನದೇ ಮಾತು. ಅಂಗಡಿಯಲ್ಲಿ ಸಿಗುವ ಇಲಿ ಪೇಸ್ಟುಗಳಲ್ಲಿ ಕೆಲವಕ್ಕೆ ಹಳದಿ ರಂಜಕ ಹಾಕಿರುತ್ತಾರೆ. ಅದು ಹೊಟ್ಟೆಗೆ ಹೋದರೆ ಮೊದಲ ದಿನ ಬರೀ ವಾಂತಿ. ಎರಡನೆಯ ದಿನ ರೋಗಿ ಆರಾಮಾದಂತೆ ಕಾಣುತ್ತಾನೆ. ಮೂರು ನಾಲ್ಕು ದಿನಕ್ಕೆ ಲಿವರ್ ಕೈಕೊಡುತ್ತದೆ. ಚಿಗಟದ ಜ್ವರದಿಂದ ಕೆಟ್ಟ ಲಿವರ್ ಒಂದು ವಾರದ ಮಾತ್ರೆಯಿಂದ ತಿರುಗಿ ಬರುತ್ತದೆ. ಈ ವಿಷಕ್ಕೆ ಹಾಗೆ ತಿರುಗಿಸುವ ಮದ್ದು ಇಲ್ಲ. ಮಕ್ಕಳಿರುವ ಮನೆಗೆ ಆ ಪೇಸ್ಟು ತರಬೇಡಿ. ಬೋನು ಇಡಿ. ಚೀಲಗಳನ್ನು ನೆಲದಿಂದ ಒಂದು ಮೊಳ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಜೋಡಿಸಿ. ಕಣಕಿ ಬಣವಿಯನ್ನು ಮನೆಗೆ ಅಂಟಿಸಿ ಒಟ್ಟಬೇಡಿ. ನಾಯಿ, ಬೆಕ್ಕು, ಆಡುಗಳ ಮೈಯಲ್ಲಿ ಚಿಗಟ ಇದ್ದರೆ ಪಶು ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಇಲಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಹಿಡಿಯಬೇಡಿ. ಬಾಲ ಹಿಡಿದು ಹೊರಗೆ ಎಸೆಯುವುದೂ ಬೇಡ. ಅದರ ಮೇಲೆ ಸೀಮೆಎಣ್ಣೆಯನ್ನೋ ಫಿನಾಯಿಲನ್ನೋ ಸುರಿದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಇಕ್ಕಳದಿಂದಲೋ ಸಲಿಕೆಯಿಂದಲೋ ಎತ್ತಿ, ಮನೆಯಿಂದ ದೂರ ಗುಂಡಿ ತೋಡಿ ಹೂಳಿ. ಒಂದರ ಹಿಂದೆ ಒಂದು ಹಲವು ಇಲಿಗಳು ಸತ್ತು ಬೀಳುತ್ತಿದ್ದರೆ ಅದು ಪ್ಲೇಗಿನ ಮುನ್ಸೂಚನೆ ಇರಬಹುದು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ.